ಲಕ್ಷದಲ್ಲಿ ಉಳಿದ ನಾಲ್ಕು

ನಮ್ಮ ಮನೆಯಲ್ಲಿ ಎಲ್ಲವನ್ನೂ ಹನ್ನೆರಡರಲ್ಲಿ ಎಣಿಸುತ್ತಿದ್ದರು. ಹೆಬ್ಬೆರಳ ತುದಿಯನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಊರುತ್ತ ಹೋದರೆ ಬೆರಳಿಗೆ ಮೂರರಂತೆ ಹನ್ನೆರಡಾಗುತ್ತದೆ. ಅಲ್ಲಿಗೆ ಒಂದು ಕೈ ತುಂಬಿತು. ರಾಗಿಯ ಕಂತೆ, ಬೆರಣಿ, ಕುಂಬಳಕಾಯಿ, ಹಸು ಈಯುವುದಕ್ಕೆ ಉಳಿದ ದಿನ, ಯಾವುದನ್ನು ಕೇಳಿದರೂ ಅಜ್ಜಿ ಇಷ್ಟು ಕೈ, ಅದರ ಮೇಲೆ ಇಷ್ಟು ಗೆಣ್ಣು ಎಂದೇ ಹೇಳುತ್ತಿದ್ದಳು. ಹತ್ತು ಎಂಬುದು ಶಾಲೆಯ ಸಂಖ್ಯೆ. ಅದನ್ನು ನಾನು ಪುಸ್ತಕದ ಚೀಲದಲ್ಲಿಟ್ಟುಕೊಂಡು ಬಂದು ಹೊಸ್ತಿಲ ಹೊರಗೇ ಬಿಡಬೇಕಾಗಿತ್ತು. ಎರಡು ಎಣಿಕೆಗಳ ನಡುವೆ ಬೆಳೆದದ್ದರಿಂದ ಏನು ಆಯಿತೋ ಏನು ಹೋಯಿತೋ ನನಗೆ ಖಚಿತವಾಗಿ ತಿಳಿಯದು. ಒಂದು ಮಾತ್ರ ಗೊತ್ತು. ಯಾರಾದರೂ ನನ್ನನ್ನು ಎಷ್ಟು ಎಂದು ಕೇಳಿದರೆ ಇಂದಿಗೂ ಉತ್ತರ ಹೇಳುವ ಮೊದಲು ಕೇಳಿದವರ ಮುಖವನ್ನು ಒಮ್ಮೆ ನೋಡುತ್ತೇನೆ.

ಮನೆ ದೊಡ್ಡದಲ್ಲ. ಜಗಲಿ, ನಡುಮನೆ, ಅದರ ಬಲಕ್ಕೆ ಅಡಿಗೆಯ ಮನೆ, ಎಡಕ್ಕೆ ಒಂದು ಕೋಣೆ, ಮೇಲೆ ಅಟ್ಟ. ಜಗಲಿಯಲ್ಲಿ ಕುಳಿತರೆ ಹೊಲ ದಾಟಿ ಜೀರಹಳ್ಳಿಯ ಕಡೆಯ ಕಾಡು ಕಪ್ಪಗೆ ಕಾಣುತ್ತಿತ್ತು. ಎಡಗಡೆಯ ಕೋಣೆ ಮೊದಲು ರಾಗಿ ಮೂಟೆಗಳದು. ಅವ್ವನ ಕೆಮ್ಮು ನಿಲ್ಲದೆ ಹೋದಾಗ ಮೂಟೆಗಳು ನಡುಮನೆಗೆ ಬಂದವು, ಅವ್ವ ಕೋಣೆಗೆ ಹೋದಳು. ಅಪ್ಪ ಒಮ್ಮೆ ಅವಳನ್ನು ಬಸ್ಸಿನಲ್ಲಿ ಘಾಟಿ ಇಳಿಸಿ ಸತ್ಯಮಂಗಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂರು ಸೀಸೆ ಔಷಧದೊಂದಿಗೆ ವಾಪಸು ಕರೆತಂದರು. ಡಾಕ್ಟರು ಏನು ಹೇಳಿದರೆಂದು ಅಪ್ಪ ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವ್ವನಿಗೆ ಬೇರೆ ತಟ್ಟೆ, ಬೇರೆ ಲೋಟ. ನಾನು ಕೋಣೆಯ ಹೊಸ್ತಿಲು ದಾಟಬಾರದು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯಬೇಕು. ಆ ತಟ್ಟೆಯ ಮುದ್ದೆ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತ ಬಂತು. ಯುಗಾದಿಯ ಹೊತ್ತಿಗೆ ಮುಷ್ಟಿಯಷ್ಟಿದ್ದದ್ದು ಮಳೆಗಾಲ ಮುಗಿಯುವಾಗ ನಿಂಬೆಹಣ್ಣಿನಷ್ಟಾಗಿತ್ತು. ಅದರಲ್ಲೂ ಅರ್ಧ ಉಳಿಯುತ್ತಿತ್ತು.

ಅಜ್ಜಿ ಯುಗಾದಿಯ ದಿನ ಮಾದಪ್ಪನಿಗೆ ಲಕ್ಷಬತ್ತಿಯ ಹರಕೆ ಹೊತ್ತಳು. ಸೊಸೆ ಎದ್ದು ಓಡಾಡುವಂತಾದರೆ ಎಂಬ ಷರತ್ತನ್ನು ಅವಳು ಹಾಕಲಿಲ್ಲ. ದೇವರಿಗೆ ಮೊದಲು ಕೊಡಬೇಕು, ಆಮೇಲೆ ಕೇಳಬೇಕು ಎಂಬುದು ಅವಳ ನಡಾವಳಿ. ಕಾರ್ತಿಕದ ಕಡೆಯ ಸೋಮವಾರ ಊರ ಗುಡಿಯಲ್ಲಿ ಒಂದು ಲಕ್ಷ ಬತ್ತಿ ಉರಿಯಬೇಕು. ಹೆಚ್ಚಬಾರದು, ಕಡಿಮೆಯಾಗಬಾರದು. ಅಪ್ಪ ಚಾಮರಾಜನಗರದ ಕಡೆಯಿಂದ ಹತ್ತಿಯ ಮೂಟೆ ತರಿಸಿದರು. ಅಜ್ಜಿ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದ ಅಪ್ಪನ ತಂಗಿ ಗೌರತ್ತೆ, ಶಾಲೆ ಬಿಟ್ಟು ಬಂದ ಮೇಲೆ ನಾನು, ಮೂವರೂ ನಡುಮನೆಯಲ್ಲಿ ಕುಳಿತು ಬೀಜ ಬಿಡಿಸಿ, ಬೆರಳಿಗೆ ವಿಭೂತಿ ಹಚ್ಚಿಕೊಂಡು ಬತ್ತಿ ಹೊಸೆಯುತ್ತಿದ್ದೆವು. ಹನ್ನೆರಡು ಬತ್ತಿಗೆ ನೂಲು ಸುತ್ತಿದರೆ ಒಂದು ಕಟ್ಟು. ಹನ್ನೆರಡು ಕಟ್ಟನ್ನು ಮುತ್ತುಗದ ಎಲೆಯಲ್ಲಿ ಸುತ್ತಿದರೆ ಒಂದು ಪೊಟ್ಟಣ. ಪೊಟ್ಟಣ ಅಟ್ಟಕ್ಕೆ ಹೋದಂತೆ ಅಜ್ಜಿ ನಡುಮನೆಯ ಗೋಡೆಗೆ ಸುಣ್ಣದ ಒಂದು ಬೊಟ್ಟು ಇಡುತ್ತಿದ್ದಳು, ಸಾಲಿಗೆ ಹನ್ನೆರಡು. ಕೆಮ್ಮು ಕೇಳಿಸುತ್ತಿರುವಷ್ಟು ಹೊತ್ತು ನಾವು ಯಾರೂ ಮಾತಾಡುತ್ತಿರಲಿಲ್ಲ. ಅದು ನಿಂತಾಗ ಗೌರತ್ತೆ ಯಾರದಾದರೂ ಮನೆಯ ಸುದ್ದಿ ತೆಗೆಯುತ್ತಿದ್ದಳು.

ಆಷಾಢದಲ್ಲಿ ಗೋಡೆ ಅರ್ಧ ತುಂಬುತ್ತ ಬಂದಾಗ, ಇನ್ನೆಷ್ಟು ಎಂದು ತಿಳಿಯುವ ಆಸೆ ಅಜ್ಜಿಗೆ ಬಂತು. ಮನೆಯ ಹೆಂಗಸರಲ್ಲಿ ಭಾಗಾಕಾರ ಬರುತ್ತಿದ್ದುದು ನನಗೊಬ್ಬಳಿಗೇ.

"ಕೂಸೇ, ಸಿಲೇಟು ತಕ್ಕ ಬಾ. ಲಕ್ಷಕ್ಕ ಎಷ್ಟ್ ಪೊಟ್ಟಣ ಆಯ್ತದ, ಲೆಕ್ಕ ಆಕು."

ನಾನು ನೂರ ನಲವತ್ತನಾಲ್ಕರಿಂದ ಭಾಗಿಸಿದೆ. ಉಗುಳು ಹಚ್ಚಿ ಒರೆಸಿ ಎರಡನೆಯ ಸಲ ಭಾಗಿಸಿ ನೋಡಿಕೊಂಡೇ ಹೇಳಿದೆ.

"ಆರುನೂರ ತೊಂಬತ್ನಾಕು ಪೊಟ್ಟಣ ಅಜ್ಜಿ. ಅದರ ಮ್ಯಾಲ ಐದು ಕಟ್ಟು. ಅದರ ಮ್ಯಾಲ ನಾಕು ಬತ್ತಿ."

"ನಾಕು ಬತ್ತಿ ಯಾಕ ಉಳೀತದ? ಕಟ್ಟು ತುಂಬಬೇಕಲ್ಲ?"

"ತುಂಬಲ್ಲ ಅಜ್ಜಿ."

"ಲಕ್ಷ ಅಂದ್ರ ಏನಂದ್ಕಂಡಿದ್ದೀಯ? ನೂರಲ್ಲ, ಸಾವ್ರ ಅಲ್ಲ. ಅಷ್ಟ್ ದೊಡ್ಡದು ಒಂದು ಕೈ ತುಂಬ್ದೆ ನಿಂತ್ಕತ್ತದಾ? ಇನ್ನೊಂದ್ ಸಲ ಆಕು."

ಹಾಕಿದೆ. ನಾಲ್ಕೇ ಉಳಿಯಿತು. ಗೌರತ್ತೆ ಹತ್ತಿಯಿಂದ ಕಣ್ಣೆತ್ತದೆ, ತನಗೆ ತಾನೇ ಹೇಳಿಕೊಳ್ಳುವವಳಂತೆ ಅಂದಳು:

"ನಾಕು ಮಿಕ್ಕದಂತ. ಸತ್ತೋರ್ನ ಒರಕ ಎಷ್ಟ್ ಜನ ಬೇಕು, ನಾಕೇ ಅಲ್ವಾ?"

"ನಿನ್ ಬಾಯಿಗೆ ಬೂದಿ ಬೀಳ. ಕ್ವಾಣೇಲಿ ಅವ್ಳು ಮನಗವ್ಳೆ ಅನ್ನದಾದ್ರೂ ಗ್ಯಾನ ಬ್ಯಾಡ್ವಾ?"

ಅಜ್ಜಿ ಬೈದದ್ದು ಅತ್ತೆಯನ್ನು. ಆದರೆ ಸಿಟ್ಟು ಸುತ್ತಿ ಬಂದದ್ದು ನನ್ನ ಮೇಲೆ. ಅಂದಿನಿಂದ ದಿನವೂ ಸಂಜೆ ಊಟಕ್ಕೆ ಮುಂಚೆ ನಾನು ಆ ಲೆಕ್ಕ ಮಾಡಬೇಕಾಯಿತು. ನಿನ್ನೆ ಉಳಿದದ್ದು ಇಂದು ಉಳಿಯದಿರಬಹುದೆಂದು ಅಜ್ಜಿ ನಿಜವಾಗಿ ನಂಬಿದ್ದಳು. ಜ್ವರ ಇಳಿಯುವುದನ್ನು ಕಾಯುವಂತೆ ಆ ನಾಲ್ಕು ಇಳಿಯುವುದನ್ನು ಕಾಯುತ್ತಿದ್ದಳು. ನಾನು ಶಾಲೆಯಲ್ಲಿ ಮೇಷ್ಟರಿಗೆ ತೋರಿಸಿದೆ. ಅವರು ಸರಿ ಎಂದು ಸ್ಲೇಟಿನ ಮೇಲೆ ಗುರುತು ಹಾಕಿ ಕಳಿಸಿದರು.

"ಮೇಷ್ಟ್ರು ಅತ್ತರ ಲೆಕ್ಕದೋರು ಕಣಮ್ಮಿ. ಅವ್ರಿಗೇನ್ ಗೊತ್ತು ಕೈ ಎಣಿಕ?" ಎಂದಳು ಅಜ್ಜಿ.

ಎಂಟು ಬತ್ತಿ ಹೆಚ್ಚು ಹೊಸೆದು ಕಟ್ಟನ್ನು ತುಂಬಿಸಿಬಿಡೋಣ ಎಂದು ನಾನೇ ಒಮ್ಮೆ ಹೇಳಿ ನೋಡಿದೆ. ಲಕ್ಷದ ಮೇಲೆ ಒಂದು ಹೊಸೆದರೂ ಎರಡನೆಯ ಲಕ್ಷಕ್ಕೆ ಕೈ ಹಾಕಿದಂತೆ, ಅದನ್ನೂ ಮುಗಿಸಬೇಕಾಗುತ್ತದೆ ಎಂದಳು. ಹಾಗಾದರೆ ನಾಲ್ಕನ್ನೇ ಕಟ್ಟೋಣ ಎಂದರೆ, ತುಂಬದ ಕಟ್ಟಿಗೆ ನೂಲು ಸುತ್ತುವುದು ಸತ್ತವರ ತಲೆದೆಸೆಯ ದೀಪಕ್ಕೆ ಮಾತ್ರ. ಹೀಗೆ ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ಲಕ್ಷ ನಮ್ಮ ನಡುಮನೆಯಲ್ಲಿ ಕುಳಿತುಬಿಟ್ಟಿತು. ಅಜ್ಜಿ ನನ್ನೊಡನೆ ಮಾತು ಕಡಿಮೆ ಮಾಡಿದಳು. ತಟ್ಟೆಗೆ ಸಾರು ಬಡಿಸುವಾಗ ಸೌಟು ತಟ್ಟೆಗೆ ತಾಗುವ ಸದ್ದಿನಲ್ಲೇ ಅವಳ ಮನಸ್ಸು ನನಗೆ ತಿಳಿಯುತ್ತಿತ್ತು. ಒಂದು ಸಂಜೆ ಅವಳು ಬಹಳ ಮೆಲ್ಲಗೆ, ಬೇಡಿಕೊಳ್ಳುವವಳಂತೆ ಕೇಳಿದಳು:

"ಸುಮ್ನ ತುಂಬ್ತು ಅನ್ನಕ ಆಗಲ್ವಾ ಕೂಸೇ?"

ನನಗೆ ಹತ್ತು ವರ್ಷ. ಆಗುವುದಿಲ್ಲ ಎಂದೆ.

ಕೋಣೆಯಲ್ಲಿ ಮಲಗಿದ್ದ ಅವ್ವನಿಗೆ ಇದೆಲ್ಲ ಕೇಳಿಸುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ, ಅಜ್ಜಿ ಮತ್ತು ಅತ್ತೆ ಹೊಲಕ್ಕೆ ಹೋಗಿದ್ದಾಗ, ಅವಳು ಗೋಡೆಗೆ ಒರಗಿ ಕುಳಿತು ನನ್ನನ್ನು ಕರೆದಳು. ನಾನು ಹೊಸ್ತಿಲ ಈಚೆ ಕುಳಿತೆ.

"ಅದ್ಯಾಕ ಉಳೀತದ, ನನಗ ಯೋಳ್ಕೊಡು. ನನಗ ಸಿಲೇಟು ತಿಳಿಯಲ್ಲ. ಬತ್ತೀಲಿ ತೋರ್ಸು."

ನಾನು ಹತ್ತು ಬತ್ತಿ ತಂದು ಹೊಸ್ತಿಲ ಮೇಲೆ ಮೂರು ಪಾಲು ಮಾಡಿದೆ. ಪಾಲಿಗೆ ಮೂರು ಹೋಗಿ ಒಂದು ಉಳಿಯಿತು. ಇನ್ನೂ ಹತ್ತು ತಂದು ಹಾಗೇ ಮಾಡಿದೆ. ಮತ್ತೆ ಒಂದು. ಯಾವ ಹತ್ತನ್ನು ತಂದರೂ ಒಂದು ಉಳಿಯುತ್ತದೆ ಎಂದಾದ ಮೇಲೆ, ಹತ್ತು ಹತ್ತು ಸೇರಿ ನೂರಾದರೆ ಹತ್ತು ಒಂದುಗಳು ಉಳಿಯುತ್ತವೆ, ಆ ಹತ್ತನ್ನು ಮತ್ತೆ ಪಾಲು ಮಾಡಿದರೆ ಮತ್ತೆ ಒಂದೇ ಉಳಿಯುತ್ತದೆ ಎಂದೆ. ಅದನ್ನು ಹೇಳುವಾಗಲೇ ನನಗೂ ಅದು ಮೊದಲ ಸಲ ಪೂರ್ತಿ ಕಂಡದ್ದು. ಅವ್ವ ಸ್ವಲ್ಪ ಹೊತ್ತು ಬತ್ತಿಗಳನ್ನು ನೋಡುತ್ತಿದ್ದಳು.

"ಅಂಗಾದ್ರ ಸಾವ್ರಕ್ಕೂ ಒಂದೇ ಉಳೀತದ."

"ಊಂ ಅವ್ವ."

"ಲಕ್ಷಕ್ಕೂ."

"ಊಂ. ಅನ್ನೆರಡು ಅಂದ್ರ ಮೂರು ಮೂರು ನಾಕು ಸಲ. ಮೂರೇ ಸರಿಯಾಗಿ ಓಗ್ದೆ ಇದ್ರ ಅನ್ನೆರಡು ಎಂಗ್ ಓಯ್ತದ?"

"ಅದು ಅದರ ಗುಣ ಅನ್ನು. ಯಾರ್ ತಪ್ಪೂ ಅಲ್ಲ."

ಅವಳು ನಕ್ಕಳು. ನಗು ಕೆಮ್ಮಾಯಿತು. ಸೆರಗಿನಿಂದ ಬಾಯಿ ಒತ್ತಿಕೊಂಡು, ಸೆರಗನ್ನು ನನಗೆ ಕಾಣದಂತೆ ಮಡಚಿಕೊಂಡಳು. ಆ ವರ್ಷದಲ್ಲಿ ಅವ್ವನೊಡನೆ ನಾನು ಅಷ್ಟು ಹೊತ್ತು ಕುಳಿತದ್ದು ಅದೊಂದೇ ಸಲ. ಸಂಜೆ ಅಜ್ಜಿ ಬಂದಾಗ ಅವ್ವ ಒಳಗಿನಿಂದಲೇ ಹೇಳಿದಳು:

"ಅತ್ತೆ, ಕೂಸಿನ ಲೆಕ್ಕ ಸರಿಯಾಗೇ ಅದ. ಆ ನಾಕ ಕಟ್ಟಬ್ಯಾಡಿ. ಎಲ್ಲಾ ಮುಗುದ್ ಮ್ಯಾಲ ಆ ನಾಕ ನಾನೇ ಒಸೀತೀನಿ. ಗುಡಿಗೆ ನನ್ ಮುಷ್ಟೀಲೇ ತಕ್ಕ ಬತ್ತೀನಿ."

ಅಜ್ಜಿ ಕೋಣೆಯ ಹೊಸ್ತಿಲ ತನಕ ಬಂದು ನಿಂತಳು. "ನಿನ್ ಕೈಯಿಂದ ಕಡೇವು ಅಂದ್ರ ಮಾದಪ್ಪನೂ ಬ್ಯಾಡ ಅನ್ನಲ್ಲ ಬುಡು" ಎಂದಳು. ಆ ರಾತ್ರಿಯ ಊಟದಲ್ಲಿ ನನ್ನ ತಟ್ಟೆಗೆ ತುಪ್ಪ ಬಿತ್ತು. ಅಂದಿನಿಂದ ಮನೆಯ ಹರಕೆಯೆಲ್ಲ ಆ ನಾಲ್ಕರ ಮೇಲೆ ನಿಂತಿತು. ಗುಡಿಗೆ ನಡೆದು ಬರುತ್ತೇನೆ ಎಂದು ಅವ್ವ ಹೇಳಿದ್ದನ್ನು ಅಜ್ಜಿ ನೆರೆಹೊರೆಗೆಲ್ಲ ಹೇಳಿಕೊಂಡು ಬಂದಳು. ನಡೆಯಲು ಆದೀತು ಎಂದು ಅವಳಿಗೇ ಅನ್ನಿಸಿದೆಯಲ್ಲ, ಅದಕ್ಕಿಂತ ಇನ್ನೇನು ಬೇಕು ಎನ್ನುತ್ತಿದ್ದಳು.

ದೀಪಾವಳಿಯ ಮರುದಿನಗಳಲ್ಲಿ ಗುಮಟಾಪುರದ ಸಗಣಿ ಹಬ್ಬಕ್ಕೆ ಹೋದವರು ಮೈಗೆ ಅಂಟಿ ಒಣಗಿದ ಸಗಣಿಯಲ್ಲೇ ಬಂದು ನಮ್ಮ ಬಾವಿಯ ಬಳಿ ಒಬ್ಬರ ಬೆನ್ನು ಒಬ್ಬರು ತಿಕ್ಕುತ್ತ ನಗುತ್ತಿದ್ದರು. ಪ್ರತಿವರ್ಷ ಅವರ ಜೊತೆ ಇರುತ್ತಿದ್ದ ಅಪ್ಪ ಆ ವರ್ಷ ಜಗಲಿಯ ಕಂಬಕ್ಕೆ ಒರಗಿ ಅವರನ್ನು ನೋಡುತ್ತಿದ್ದರು. ಕಡೆಯ ಪೊಟ್ಟಣ ಅಟ್ಟಕ್ಕೆ ಹೋದದ್ದು ಕಾರ್ತಿಕದ ಕಡೆಯ ಸೋಮವಾರಕ್ಕೆ ಆರು ದಿನ ಇರುವಾಗ. ಗೋಡೆಯಲ್ಲಿ ಐವತ್ತೇಳು ಪೂರ್ತಿ ಸಾಲು, ಕೆಳಗೆ ಹತ್ತು ಬೊಟ್ಟು. ಅದರ ಪಕ್ಕದ ಮಣೆಯ ಮೇಲೆ ಐದು ಕಟ್ಟು. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತಾರು. ಅಜ್ಜಿ ಬೇರೆಯಾಗಿ ಎತ್ತಿಟ್ಟಿದ್ದ ಶುಭ್ರವಾದ ಹತ್ತಿಯನ್ನೂ ವಿಭೂತಿಯ ಗಟ್ಟಿಯನ್ನೂ ತಟ್ಟೆಯಲ್ಲಿಟ್ಟು ಕೋಣೆಯ ಹೊಸ್ತಿಲ ಮೇಲಿಟ್ಟಳು. ಅವ್ವ ಹೊರಳಿ ನೋಡಿ, "ನಾಳ ಒಸೀತೀನಿ ಅತ್ತೆ, ಇವತ್ತು ಬೆರಳು ತಣ್ಣಗವೆ" ಎಂದಳು. ಮರುದಿನವೂ ಹಾಗೇ ಹೇಳಿದಳು. ಅದರ ಮರುದಿನ ಹತ್ತಿ ತಟ್ಟೆಯಲ್ಲಿರಲಿಲ್ಲ. ಅವ್ವ ಅದನ್ನು ಹಾಸಿಗೆಗೆ ತೆಗೆದುಕೊಂಡಿದ್ದಳು. ಅಜ್ಜಿ ಅದನ್ನು ನೋಡಿ ಏನೂ ಕೇಳದೆ ಹಿತ್ತಲಿಗೆ ಹೋಗಿ ಅತ್ತಳು, ಸಂತೋಷಕ್ಕೆ.

ಶನಿವಾರ ಬೆಳಗಿನ ಜಾವ ಅವ್ವ ತೀರಿಕೊಂಡಳು. ಕೆಮ್ಮು ಕೇಳಿಸದೆ ಹೋದದ್ದರಿಂದ ನನಗೆ ಎಚ್ಚರವಾಯಿತು. ಅವಳನ್ನು ನಡುಮನೆಯಲ್ಲಿ, ಸುಣ್ಣದ ಬೊಟ್ಟುಗಳ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಅವಳ ಮುಖವನ್ನು ನೋಡದೆ ಅವಳ ತಲೆಯ ಹಿಂದೆ ಎಷ್ಟು ಬೊಟ್ಟು ಮರೆಯಾಗಿವೆ ಎಂದು ಎಣಿಸುತ್ತಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಹೊತ್ತು ಇಳಿಯುವ ಮೊದಲೇ ಹೊಲದಲ್ಲಿ ಮಣ್ಣು ಮಾಡಿ ಬಂದರು. ಗೌರತ್ತೆ ಕೋಣೆಯ ಕಂಬಳಿ, ಬಟ್ಟೆಗಳನ್ನು ಹೊರಗೆ ಹೊತ್ತುಹಾಕುತ್ತ, ಚಾಪೆಯನ್ನು ಸುತ್ತಿ ತಾ ಎಂದು ನನಗೆ ಹೇಳಿದಳು. ಅವ್ವ ಕೋಣೆ ಸೇರಿದ ಮೇಲೆ ಅಂದು ಮೊದಲ ಸಲ ನಾನು ಆ ಹೊಸ್ತಿಲು ದಾಟಿದೆ, ಯಾರೂ ಬೇಡವೆನ್ನಲಿಲ್ಲ. ಚಾಪೆಯ ತಲೆಯ ಬದಿಯನ್ನು ಎತ್ತಿದಾಗ ಕೆಳಗೆ ಹತ್ತಿ ಇತ್ತು. ಒಂದು ಬತ್ತಿ ಬಿಗಿಯಾಗಿ, ನೇರವಾಗಿ ಹೊಸೆದದ್ದು. ಇನ್ನೊಂದು ಸಡಿಲವಾಗಿ ತುದಿ ಬಿಚ್ಚಿಕೊಂಡದ್ದು, ಆದರೂ ಬತ್ತಿಯೇ. ಮೂರನೆಯದಕ್ಕೆ ಎಳೆದು ಬಿಟ್ಟ ಹತ್ತಿಯ ಎಸಳು. ಅದು ಬತ್ತಿಯಲ್ಲ. ನಾನು ಎರಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಾಪೆಯನ್ನು ಸುತ್ತಿ ಹೊರಗೆ ತಂದೆ.

ಸೋಮವಾರ ಬಂತು. ಸೂತಕದ ಮನೆಯಿಂದ ಯಾರೂ ಗುಡಿಗೆ ಹೋಗುವಂತಿರಲಿಲ್ಲ. ಅಜ್ಜಿ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ಸಂಜೆ ಗುಡಿಯ ಗಂಟೆ ಕೇಳಿಸಿದಾಗ ಅವಳು ಗೋಡೆಯ ಕೆಳಗೆ ಕುಳಿತಿದ್ದಳು. ಗೌರತ್ತೆ ಒಲೆಯ ಮುಂದೆ. ಅಪ್ಪ ಜಗಲಿಯಲ್ಲಿ.

"ಕೂಸೇ, ಬಾ ಇಲ್ಲಿ. ಚಾಪ ಸುತ್ತಿದೋಳು ನೀನೇ ಅಲ್ವಾ?"

"ಊಂ."

"ನಿನ್ ಬಾಯಲ್ಲಿ ಸುಳ್ಳು ಬರಲ್ಲ. ನಾನು ಬೇಡ್ಕಂಡಾಗ್ಲೂ ಬರ್ನಿಲ್ಲ. ಯೋಳು. ನಾಕೂ ಇದ್ದವಾ?"

ಒಲೆಯ ಬಳಿ ಅತ್ತೆಯ ಕೈ ನಿಂತಿತು. ಎರಡು ಎಂದರೆ ಆಮೇಲೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಕಡಿಮೆಯಾಯಿತು, ಅದಕ್ಕೇ ಹೋದಳು ಎಂದಾಗುತ್ತದೆ. ಯಾರಿಂದ ಕಡಿಮೆಯಾಯಿತು ಎಂಬ ಮಾತು ಬರುತ್ತದೆ. ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಬತ್ತಿಯನ್ನು ನಾವು ಹೊಸೆದೆವು, ನಾಲ್ಕು ಹೊಸೆಯುತ್ತೇನೆಂದವಳು ಎರಡಕ್ಕೆ ಕೈ ಬಿಟ್ಟಳು ಎಂದು ಗೌರತ್ತೆ ಬಾವಿಕಟ್ಟೆಯಲ್ಲಿ ವರ್ಷಗಟ್ಟಲೆ ಹೇಳುತ್ತಾಳೆ. ಅವ್ವನ ಸಾವಿಗೆ ಅವ್ವನೇ ಕಾರಣವಾಗುತ್ತಾಳೆ. ಇದೆಲ್ಲವನ್ನೂ ಯೋಚಿಸಲು ನನಗೆ ಹಿಡಿದದ್ದು ಒಂದು ಉಸಿರಿನಷ್ಟು ಹೊತ್ತು. ಅಂಥ ಯೋಚನೆಗೆ ಹತ್ತು ವರ್ಷ ಸಾಕು.

"ನಾಕೂ ಇದ್ದವು ಅಜ್ಜಿ."

"ಒಸೆದಿದ್ದವಾ?"

"ನಾಕೂ ಒಸೆದಿದ್ದವು. ಚೆನ್ನಾಗಿ."

ಅವಳ ಮುಖ ಹಗುರವಾಗುತ್ತದೆಂದು ನಾನು ಕಾದೆ. ಆಗಲಿಲ್ಲ. ಅವಳು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಅಂಗಾದ್ರ ಲಕ್ಷ ತುಂಬಿತ್ತು. ಮಾದಪ್ಪ ಪೂರ್ತಿ ಇಸ್ಕಂಡವ್ನ. ಇಸ್ಕಂಡೂ ಅವ್ಳ ಕರ್ಕಂಡ."

ಎದ್ದು ಕೈ ತೊಳೆದು, ಅತ್ತೆ ಬಡಿಸಿದ್ದನ್ನು ಉಂಡಳು. ಮರುದಿನದಿಂದ ಹಣೆಗೆ ವಿಭೂತಿ ಇಡಲಿಲ್ಲ. ಸೂತಕ ಕಳೆದ ಮೇಲೂ ಇಡಲಿಲ್ಲ. ಗುಡಿಯ ಅಯ್ಯನವರು ಮನೆಗೆ ಬಂದು, ಬತ್ತಿಗಳನ್ನು ಈಗಲಾದರೂ ಗುಡಿಗೆ ಒಪ್ಪಿಸಿ, ಹೋದ ಜೀವಕ್ಕೆ ಒಳ್ಳೆಯದಾಗುತ್ತದೆ ಎಂದಾಗ, "ಅವನಿಗೂ ನಮಗೂ ಮುಗೀತು ಬುದ್ದಿ, ನೀವು ಮಜ್ಜಿಗ ಕುಡೀರಿ" ಎಂದಳು. ನಾನು ಅವ್ವನ ಮೇಲೆ ಬೀಳಬೇಕಾಗಿದ್ದ ತಪ್ಪನ್ನು ತೆಗೆದಿದ್ದೆ. ಆ ತಪ್ಪು ಎಲ್ಲಾದರೂ ಹೋಗಿ ಕೂರಬೇಕಾಗಿತ್ತು, ಅದು ಮಾದಪ್ಪನ ಮೇಲೆ ಕೂತಿತು. ಎರಡು ಎಂದು ಹೇಳಿದ್ದರೆ ಅಜ್ಜಿಗೆ ದೇವರು ಉಳಿಯುತ್ತಿದ್ದ, ಅವ್ವ ಉಳಿಯುತ್ತಿರಲಿಲ್ಲ. ಇದನ್ನು ನಾನು ಹಲವು ವರ್ಷ ಹಲವು ರೀತಿಯಲ್ಲಿ ಕೂಡಿ ಕಳೆದು ನೋಡಿದ್ದೇನೆ. ಪ್ರತಿ ಸಲವೂ ಏನೋ ಒಂದು ಉಳಿಯುತ್ತದೆ.

ಮುಂದೆ ಮೈಸೂರಿನಲ್ಲಿ ಗಣಿತ ಓದುವಾಗ, ಸಂಖ್ಯೆಗಳನ್ನು ಅವುಗಳ ಅವಿಭಾಜ್ಯ ಅಂಶಗಳಾಗಿ ಬಿಡಿಸುವ ಪಾಠ ಬಂತು. ನಾನು ಮೊದಲು ಬಿಡಿಸಿದ್ದು ಲಕ್ಷವನ್ನು. ಎರಡನ್ನು ಐದು ಸಲ, ಐದನ್ನು ಐದು ಸಲ ಗುಣಿಸಿದರೆ ಲಕ್ಷ. ಬೇರೆ ಏನೂ ಅದರೊಳಗಿಲ್ಲ. ಮೂರಕ್ಕೆ ಅಲ್ಲಿ ಜಾಗವೇ ಇಲ್ಲ. ಆದರೂ ಅದು ಉದಾರಿ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಮೂವತ್ತಾರು. ಅಜ್ಜಿ ಕಟ್ಟಿಗೆ ಹತ್ತು ಹಾಕಿದ್ದರೆ, ಹದಿನಾರು ಹಾಕಿದ್ದರೆ, ಇಪ್ಪತ್ತೈದು ಹಾಕಿದ್ದರೆ ಎಲ್ಲವೂ ತುಂಬಿ ಮುಗಿಯುತ್ತಿತ್ತು. ಆ ಮೂವತ್ತಾರರಲ್ಲಿ ಹನ್ನೆರಡು ಇರಲಿಲ್ಲ. ಆಮೇಲೆ ಒಂದು ರಜದ ಮಧ್ಯಾಹ್ನ, ಹಾಸ್ಟೆಲಿನಲ್ಲಿ ಯಾರೂ ಇಲ್ಲದಾಗ, ನಿಜವಾಗಿ ನಮ್ಮಲ್ಲಿದ್ದ ಸಂಖ್ಯೆಯನ್ನು ಬರೆದೆ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟು. ಎರಡರಿಂದ ಭಾಗಿಸಿದರೆ ನಲವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಅದನ್ನು ಮೂರು, ಐದು, ಏಳು, ಹನ್ನೊಂದು, ಹದಿಮೂರು ಎಂದು ಇನ್ನೂರ ಇಪ್ಪತ್ತಮೂರರವರೆಗಿನ ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸುತ್ತ ಹೋದೆ. ಒಂದೂ ಹೋಗಲಿಲ್ಲ. ಅದು ಅವಿಭಾಜ್ಯ. ಎರಡು ಬತ್ತಿ ಕಡಿಮೆಯಾದದ್ದಕ್ಕೆ ಮೂವತ್ತಾರು ಬಾಗಿಲಿನ ಮನೆಗೆ ನಾಲ್ಕೇ ಬಾಗಿಲು ಉಳಿದಿದ್ದವು. ಕಾಗದವನ್ನು ಹರಿದುಹಾಕಿದೆ.

ಬತ್ತಿಗಳು ಅಟ್ಟದಲ್ಲೇ ಇದ್ದವು. ನಾನು ಯಾರಿಗೂ ಕಾಣದಂತೆ ಅಲ್ಲಿಟ್ಟ ಅವ್ವನ ಆ ಎರಡೂ ಅವುಗಳ ಜೊತೆಗೇ ಇದ್ದವು. ಹತ್ತಿ ಯಾಕೆ ಹಾಳಾಗಬೇಕೆಂದು ಗೌರತ್ತೆ ಒಂದು ವರ್ಷ ಕಳೆದ ಮೇಲೆ ದಿನವೂ ಸಂಜೆಯ ದೀಪಕ್ಕೆ ಅವುಗಳಿಂದಲೇ ತೆಗೆಯತೊಡಗಿದಳು. ದೀಪಕ್ಕೆ ಎರಡು ಬತ್ತಿ, ಒಂಟಿ ಬತ್ತಿ ಹಾಕುವಂತಿಲ್ಲ. ಅವಳು ಕಡ್ಡಿ ಗೀರುವ ಹೊತ್ತಿಗೆ ಸರಿಯಾಗಿ ಅಜ್ಜಿ ಎದ್ದು ಜಗಲಿಗೆ ಹೋಗಿ ಕಾಡಿನ ಕಡೆ ಮುಖ ಮಾಡಿ ಕೂರುತ್ತಿದ್ದಳು. ದೀಪ ಶಾಂತವಾದ ಮೇಲೆಯೇ ಒಳಗೆ ಬರುವುದು. ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದ ಒಂದು ಸಂಜೆ ನಾನೂ ಅವಳ ಪಕ್ಕ ಕುಳಿತಿದ್ದೆ. ಒಳಗೆ ಅತ್ತೆ ಅಟ್ಟದ ಏಣಿ ಇಳಿಯುವ ಸದ್ದಾಯಿತು.

"ಅದಿನ್ನೂ ಮುಗೀನಿಲ್ವಾ ಕೂಸೇ?" ಎಂದಳು ಅಜ್ಜಿ. "ದಿನಕ್ಕ ಎರಡರಂಗ ಸುಟ್ರ ಲಕ್ಷ ಎಷ್ಟ್ ದಿನಕ್ಕ ಬತ್ತದ?"

ನಾನು ಅವಳ ಮುಖ ನೋಡಿದೆ. ಕಣ್ಣಿನ ಪೊರೆಯಿಂದಾಗಿ ಅವಳಿಗೆ ನಾನು ಅಷ್ಟಾಗಿ ಕಾಣುತ್ತಿರಲಿಲ್ಲ.

"ಐವತ್ತು ಸಾವಿರ ದಿನ ಅಜ್ಜಿ."

"ವರ್ಸ ಎಷ್ಟಾಯ್ತು?"

"ನೂರ ಮೂವತ್ತಾರರ ಮ್ಯಾಲ."

"ಸರಿ ಬುಡು. ಅಷ್ಟ್ ವರ್ಸ ನೋಡ್ಕಂಡ್ ಕೂತ್ಕಳ್ಳಿ ಅವ್ನು" ಎಂದು ಅವಳು ಸೆರಗನ್ನು ಹೊದ್ದುಕೊಂಡಳು. ಒಳಗೆ ಬೆಳಕು ಹತ್ತಿತು. ನಾನು ಹೇಳಿದ್ದರಲ್ಲಿ ಒಂದು ದಿನ ಹೆಚ್ಚಿತ್ತು. ಆ ಒಂದು ಸಂಜೆಯ ದೀಪಕ್ಕೆ ನಮ್ಮ ಅಟ್ಟದಲ್ಲಿ ಬತ್ತಿಯಿಲ್ಲ.